ಹುಲ್ಲಿನ ಅಂಗಡಿಯ ಬಾಗಿಲಿಗೆ ಮುದ್ರೆ

ಮಾರ್ಗನ್ ಹಿಲ್
೨೯ ಏಪ್ರಿಲ್ ೧೯೮೭, ಬುಧವಾರ

ಚಿ. ಸೌ. ಇಂದುವಿಗೆ,

ಅಮ್ಮನ ಆಶೀರ್ವಾದ. ಕಾಗದದ ತಲೆಯಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆದುಬಿಟ್ಟರೆ ಕೆಲಸ ಸಲೀಸು. ಆದರೆ ನಾನು ಅಂಗಡಿಯವಳು, ಕಣ್ಣಿಗೆ ಕಾಣದ ಸರಕಿಗೆ ರಸೀದಿ ಬರೆಯುವವಳಲ್ಲ. ನನ್ನ ಕಡೆಯ ಕುಶಲ ನಾನು ಬರೆಯುತ್ತೇನೆ, ನಿನ್ನದು ನೀನು ಬರೆ. ಏಳು ತುಂಬುತ್ತಾ ಬಂತಲ್ಲ, ಪಾದ ಊದುತ್ತಿದೆಯೇ? ಮೆಟ್ಟಿಲು ಹತ್ತುವುದು ಕಡಿಮೆ ಮಾಡು. ಎಡಮಗ್ಗುಲಾಗಿ ಮಲಗು. ನೀನು ಹೊಟ್ಟೆಯಲ್ಲಿರುವಾಗ ನಾನು ಹಸಿ ಮಾವಿನಕಾಯಿ ತಿಂದು ಬೈಸಿಕೊಂಡಿದ್ದೆ. ನೀನೇನು ತಿಂದು ಬೈಸಿಕೊಳ್ಳುತ್ತಿದ್ದೀಯ, ಅದನ್ನೂ ಬರೆ.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಮೊದಲ ಕೊಯ್ಲಿನ ಹುಲ್ಲು ಲಾರಿಗಟ್ಟಲೆ ಬರುತ್ತಿದೆ ಎಂಬ ನೆಪ ಹೇಳಬಹುದು, ಸುಳ್ಳೂ ಅಲ್ಲ. ನಿಜವೆಂದರೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಬರೆದ ಕಾಗದವನ್ನು ಅಂಚೆಯವನು ವಾಪಸು ಕೊಡುವುದಿಲ್ಲವಲ್ಲ, ಅದಕ್ಕೆ ಸುಮ್ಮನಿದ್ದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಅತ್ತೆ ಬೆಂಗಳೂರಿನಿಂದ ಬಂದಿಳಿದ ಮೇಲೆ ನಿನ್ನ ಮನೆಯ ಫೋನನ್ನು ನೀನು ಎತ್ತಿದ್ದನ್ನು ನಾನು ಕಾಣೆ. ಕಾಗದವಾದರೆ ನೀನೊಬ್ಬಳೇ ಓದುತ್ತೀಯ. ನನ್ನ ಕೋಳಿಕಾಲು ಅಕ್ಷರ ಬಿಡಿಸುವಷ್ಟು ಪುರುಸೊತ್ತು ಅಳಿಯಂದಿರಿಗೆ ಇಲ್ಲ.

ನಿನ್ನ ಕಾಗದದಲ್ಲಿ ಇದ್ದದ್ದು ಎರಡು ಮಾತು. ಬಾಣಂತನಕ್ಕೆ ಬಾ. ಬಂದಮೇಲೆ ಹೋಗಬೇಡ. ಅಂಗಡಿ ಮಾರಿ ಫಾಸ್ಟರ್ ಸಿಟಿಯಲ್ಲೇ ನಮ್ಮ ಜೊತೆ ಇರು, ಕಿಟಕಿ ತೆಗೆದರೆ ನೀರು ಕಾಣುತ್ತದೆ, ಬಾತುಕೋಳಿ ಕಾಣುತ್ತದೆ, ಗಂಡಸಿಲ್ಲದ ಹೆಂಗಸು ಒಬ್ಬಳೇ ಆ ದನ ಕಾಯುವವರ ನಡುವೆ ಏಕೆ ಎಂದು ಕೇಳಿದ್ದೀಯ. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೆ ಇಲ್ಲ. ಕಾಗದವನ್ನು ಇಲ್ಲಿಗೇ ಮಡಚಬಹುದಿತ್ತು. ಆದರೆ ಹೋದ ಶನಿವಾರ ಇಲ್ಲಿ ನಡೆದದ್ದನ್ನು ಅಳಿಯಂದಿರು ನಿನಗೆ ‘ನಿಮ್ಮಮ್ಮನಿಗೆ ತಲೆ ಕೆಟ್ಟಿದೆ’ ಎಂಬ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುತ್ತಾರೆ. ಅದು ಇನ್ನೂ ಸ್ವಲ್ಪ ಉದ್ದವಿದೆ.

ಮೊದಲು ನನ್ನ ದನ ಕಾಯುವವರ ವಿಚಾರ. ನಿಮ್ಮಪ್ಪ ಇದ್ದಾಗ ನೀನು ಕಾಲೇಜು, ಪುಸ್ತಕ ಎಂದು ಅಂಗಡಿಯ ಮುಂಬಾಗಿಲಿಗೆ ಬರುತ್ತಿರಲಿಲ್ಲ, ಆದ್ದರಿಂದ ಇವರು ನಿನಗೆ ಟೊಪ್ಪಿಗಳಾಗಿ ಮಾತ್ರ ಗೊತ್ತು. ಟೊಪ್ಪಿಯ ಕೆಳಗೆ ಮನುಷ್ಯರೂ ಇದ್ದಾರೆ. ಪೂರ್ವದ ಗುಡ್ಡದ ಡೆಲ್ಫಿನಾ ಸಿಲ್ವೇರಾ ಇದ್ದಾಳಲ್ಲ, ಎಪ್ಪತ್ತು ದಾಟಿದವಳು, ಪೋರ್ಚುಗೀಸರ ಮನೆತನ, ಅವಳ ಅಜ್ಜ ಹಡಗಿನಿಂದ ಹಾರಿ ಓಡಿಬಂದು ಈ ಗುಡ್ಡದಲ್ಲಿ ದನ ಕಟ್ಟಿದವನಂತೆ. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ್ದಾಳೆ. ಮೂರನೆಯವನನ್ನು ಬದುಕಿರುವಾಗಲೇ ಓಡಿಸಿದಳು. ಲಾಳ ಕಟ್ಟುವ ಆರ್ವಿಲ್ ತನ್ನ ಕಟ್ಟಿಸಿದ ಹಲ್ಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಊಟಕ್ಕೆ ಮಾತ್ರ ಹಾಕಿಕೊಳ್ಳುತ್ತಾನೆ. ಮಾತಿಗೆ ಹಾಕಿಕೊಂಡರೆ ಸವೆಯುತ್ತದೆ ಎಂಬುದು ಅವನ ವಾದ. ಕುದುರೆಗಳ ಹತ್ತಿರ ಬೈಬಲ್ ಮಾತಾಡುತ್ತಾನೆ, ಮನುಷ್ಯರ ಹತ್ತಿರ ಬರೀ ಬೈಗುಳ.

ನಿಮ್ಮಪ್ಪ ಹೋದ ಮೇಲೆ ಮೊದಲ ಚಳಿಗಾಲ ಹುಲ್ಲಿನ ಲಾರಿಯವನೊಬ್ಬ ನನಗೆ ಒಳಗೆ ಬೂಸಲು ಹಿಡಿದ ಆಲ್ಫಾಲ್ಫಾ ಇಳಿಸಲು ನೋಡಿದ. ನಮ್ಮಲ್ಲಿ ಕುದುರೆ ಮಸಾಲೆ ಎನ್ನುತ್ತಾರಲ್ಲ, ಆ ಹುಲ್ಲು. ಮೇಲೆಲ್ಲ ಹಸಿರು, ಚಂದ. ಡೆಲ್ಫಿನಾ ನನ್ನ ಕೈ ಹಿಡಿದು ಮೊಣಕೈವರೆಗೆ ಕಟ್ಟಿನೊಳಗೆ ತೂರಿಸಿದಳು. ಒಳಗೆ ಜ್ವರ ಬಂದವರ ಮೈಯಂತೆ ಬಿಸಿ. ಆ ದಿನದಿಂದ ನನ್ನ ಕೈ ಒಳಗೆ ಹೋಗದೆ ಈ ಅಂಗಡಿಯಲ್ಲಿ ಒಂದು ಕಟ್ಟೂ ಇಳಿದಿಲ್ಲ. ಆ ಲಾರಿಯವನು ಈಗ ನನ್ನನ್ನು ಕಂಡರೆ ಟೊಪ್ಪಿ ತೆಗೆಯುತ್ತಾನೆ, ಪ್ರೀತಿಗೋ ಭಯಕ್ಕೋ ನಾನು ವಿಚಾರಿಸಿಲ್ಲ.

ಇಷ್ಟು ಹೇಳಿದರೆ ‘ಅಪ್ಪನ ನೆನಪಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ’ ಎಂದುಕೊಳ್ಳುತ್ತೀಯ. ನೆನಪಿಗೆ ಫೋಟೋ ಇದೆ, ಸಾಕು. ಮಗಳೇ, ಬೆಳಿಗ್ಗೆ ಬಾಗಿಲು ತೆಗೆದಾಗ ಈ ಊರಿನವರು ಮೊದಲು ನೋಡುವುದು ನನ್ನ ಮುಖ. ಕುಂಕುಮವಿಲ್ಲದ ಮುಖ. ನೋಡಿ, ‘ವೇದಾ, ನನ್ನ ಹೆಣ್ಣುಕುದುರೆ ಮೇವು ಬಿಟ್ಟಿದೆ, ಏನು ಮಾಡಲಿ’ ಎಂದು ಕೇಳಿ, ನಾನು ಉತ್ತರ ಹೇಳುವವರೆಗೆ ಕಾಯುತ್ತಾರೆ. ಇದುವರೆಗೆ ಒಂದು ಕುದುರೆಯೂ ನನ್ನ ಮುಖ ಕಂಡು ಕುಂಟಿಲ್ಲ.

ಈಗ ಶನಿವಾರ. ಅಂದು ಡೆಲ್ಫಿನಾಳ ಗುಡ್ಡದಲ್ಲಿ ಕರುಗಳಿಗೆ ಮುದ್ರೆ ಹಾಕುವ ದಿನ. ನೀನು ಒಂದು ವರ್ಷ ಬಂದವಳು ಕರುಗಳ ಕೂಗು ಕೇಳಲಾರದೆ ಕಾರಿನ ಗಾಜು ಏರಿಸಿಕೊಂಡು ಕೂತಿದ್ದೆ, ಹಾಗಾಗಿ ಅರ್ಧ ಮಾತ್ರ ನೋಡಿದ್ದೀಯ. ಆ ಗುಡ್ಡದಲ್ಲಿ ನಾಲ್ಕಾರು ಮನೆಯ ದನ ಒಟ್ಟಿಗೆ ಮೇಯುತ್ತವೆ. ಹುಲ್ಲು ಹಸಿರಿರುವಾಗಲೇ ಕರುಗಳನ್ನೆಲ್ಲ ಕೂಡಿ, ಕಬ್ಬಿಣ ಕಾಯಿಸಿ, ಆಯಾ ಮನೆಯ ಗುರುತನ್ನು ಚರ್ಮಕ್ಕೆ ಒತ್ತುತ್ತಾರೆ. ಗುರುತು ಸ್ಯಾಕ್ರಮೆಂಟೋದ ಸರ್ಕಾರಿ ಕಚೇರಿಯಲ್ಲಿ ದಾಖಲಾಗಿರುತ್ತದೆ. ಗುರುತು ಬಿದ್ದ ದನವನ್ನು ಒಡೆಯನ ಮಾತಿಲ್ಲದೆ ಇನ್ನೊಬ್ಬ ಮಾರುವ ಹಾಗಿಲ್ಲ. ಆ ದಿನ ಕೂಲಿ ಎಂಬುದಿಲ್ಲ, ನೆರೆಹೊರೆಯವರೆಲ್ಲ ಬಂದು ದುಡಿಯುತ್ತಾರೆ, ಊಟ ಹಾಕಿದರೆ ಆಯಿತು. ಮಾಂಸದ ಹಂಡೆ ಡೆಲ್ಫಿನಾಳದು. ದೂರದ ಇನ್ನೊಂದು ಮೇಜಿನ ಮೇಲೆ ನನ್ನ ಚಿತ್ರಾನ್ನ, ಕಡಲೆ ಉಸಲಿ. ಉಸಲಿಗೆ ಅವರು ತಮ್ಮ ಕಾಳಿನ ಖಾರದ ಗೊಜ್ಜಿನ ಹೆಸರಿಟ್ಟು ‘ವೇದಾಳ ಚಿಲ್ಲಿ’ ಎನ್ನುತ್ತಾರೆ. ತಳ ಕೆರೆಯುವ ಸದ್ದು ಪ್ರತಿವರ್ಷ ನನ್ನ ಮೇಜಿನಿಂದಲೇ ಮೊದಲು ಕೇಳುವುದು.

ಎಲ್ಲರೂ ಓಕ್ ಮರದ ಕೆಳಗೆ ತಟ್ಟೆ ಹಿಡಿದು ಕೂತಿದ್ದಾಗ ನಿಮ್ಮ ಬಿಳಿ ಕಾರು ಧೂಳೆಬ್ಬಿಸಿಕೊಂಡು ಬಂತು. ಅಳಿಯಂದಿರು ಇಳಿದರು. ಹೊಳೆಯುವ ಬೂಟು, ಇಳಿದದ್ದು ಸರಿಯಾಗಿ ಸೆಗಣಿಯ ಮೇಲೆ. ಜೊತೆಯಲ್ಲಿ ಡಾಡ್ಸನ್ ಎಂಬೊಬ್ಬ ದಪ್ಪ ಮನುಷ್ಯ. ಊರೂರಿಗೆ ಶಾಪಿಂಗ್ ಪ್ಲಾಜಾ ಕಟ್ಟಿಸುವವನಂತೆ.

“ಅತ್ತೆ, ಅಂಗಡಿಗೆ ಹೋಗಿದ್ವಿ, ಕ್ಲೋಸ್ ಆಗಿತ್ತು. ಇವ್ರು ಮಿಸ್ಟರ್ ಡಾಡ್ಸನ್. ಒಳ್ಳೇ ಆಫರ್ರು ಕೊಟ್ಟಿದಾರೆ. ಡೀಲು ಆಲ್ಮೋಸ್ಟ್ ಫೈನಲ್ ಮಾಡ್ಕೊಂಡೇ ಬಂದಿದೀನಿ. ನೀವೊಂದ್ಸಲ ಹೂಂ ಅಂದ್ಬಿಡಿ.”

“ಯಾವ ಡೀಲು?” ಎಂದೆ.

“ಅಂಗಡೀದು. ಇಂದು ಲೆಟರ್ ಬರ್ದಿದ್ಳಲ್ಲ.”

“ಅವಳು ಕೇಳಿ ಬರೆದಿದ್ದಾಳೆ. ನಾನು ಉತ್ತರ ಬರೆದಿಲ್ಲ.”

“ತಿಂಗಳಾಯ್ತಲ್ಲ ಅತ್ತೆ. ಬೇಡ ಅನ್ನೋದಿದ್ರೆ ಇಷ್ಟೊತ್ತಿಗೆ ಅಂದಿರ್ತಿದ್ರಿ ಅಂತ ನಾವು...”

ನೋಡು, ನಮ್ಮವರ ಲೆಕ್ಕ. ಹೆಂಗಸು ಬಾಯಿ ಮುಚ್ಚಿದ್ದಾಳೆ ಎಂದರೆ ಒಪ್ಪಿದ್ದಾಳೆ. ಹೆಣ್ಣು ನೋಡಲು ಬಂದಾಗ ನಾನು ತಲೆ ತಗ್ಗಿಸಿ ಕೂತದ್ದನ್ನೂ ಒಪ್ಪಿಗೆ ಎಂದೇ ಬರೆದುಕೊಂಡಿದ್ದರು. ನಿಮ್ಮಪ್ಪ ಒಳ್ಳೆಯವರಾದದ್ದು ನನ್ನ ಪುಣ್ಯವೇ ಹೊರತು ಆ ಲೆಕ್ಕದ ಗುಣವಲ್ಲ. ಡಾಡ್ಸನ್ ಮಾತ್ರ ಟೊಪ್ಪಿ ಕೈಯಲ್ಲಿ ಹಿಡಿದು, “ಮೇಡಮ್ ಒಪ್ಪಿದ್ದಾರೆ ಎಂದು ಇವರು ಹೇಳಿದ್ದರು” ಎಂದು ಅಳಿಯಂದಿರ ಮುಖ ನೋಡಿದ. ನಾನು ಇಬ್ಬರಿಗೂ ತಟ್ಟೆ ಕೊಟ್ಟೆ. ಹಸಿದವರ ಹತ್ತಿರ ನಾನು ವ್ಯವಹಾರ ಮಾಡುವುದಿಲ್ಲ.

ಬಿಸಿಲು ಏರಿತ್ತು. ಅಂದು ನನ್ನ ವೇಷ ಸೀರೆಯ ಮೇಲೆ ನಿಮ್ಮಪ್ಪನ ಖಾಕಿ ಅಂಗಿ, ಕೆಳಗೆ ರಬ್ಬರ್ ಬೂಟು. ಪಾತ್ರೆ ತೊಳೆಯಲು ಅಂಗಿ ಕಳಚಿ ಕೊಂಬೆಗೆ ನೇತು ಹಾಕಿದೆ. ಆರ್ವಿಲ್ ನೀರು ಹೊಯ್ಯುತ್ತಿದ್ದವನು ಹೂಜಿ ಹಿಡಿದಂತೆಯೇ ನಿಂತುಬಿಟ್ಟ. ಅವನ ಕಣ್ಣು ನನ್ನ ಬಲತೋಳಿನ ಮೇಲೆ. ಅಲ್ಲಿ ಚಕ್ರದ ಮುದ್ರೆ ಇದೆಯಲ್ಲ, ರವಿಕೆ ತೋಳಿನ ಕೆಳಗೆ, ನಿನಗೆ ಗೊತ್ತು. ಉಡುಪಿಯಲ್ಲಿ ಚಿಕ್ಕಂದಿನಿಂದ ವರ್ಷ ವರ್ಷ ಅದೇ ಜಾಗಕ್ಕೆ ಬಿದ್ದು ಬಿದ್ದು ನನಗೆ ಅದು ಅಳಿಯದೆ ನಿಂತಿದೆ.

ಇವರ ಇಂಗ್ಲಿಷನ್ನು ನಮ್ಮೂರ ಮಾತಿಗೆ ಇಳಿಸಿ ಬರೆಯುತ್ತೇನೆ. ಡೆಲ್ಫಿನಾ ಉಡುಪಿಯಲ್ಲಿ ಹುಟ್ಟಿದ್ದರೆ ಹೀಗೆಯೇ ಮಾತಾಡುತ್ತಿದ್ದಳು.

“ಡೆಲ್ಫಿನಾ, ಇಲ್ಲಿ ಬಾ ಮಾರಾಯ್ತಿ,” ಎಂದ ಆರ್ವಿಲ್, ಹಲ್ಲಿಲ್ಲದ ಬಾಯಲ್ಲಿ. “ಇವಳಿಗೆ ಯಾರೋ ಬರೆ ಹಾಕಿದ್ದಾರೆ. ಕಬ್ಬಿಣದ್ದೇ. ನನಗೆ ಗೊತ್ತಾಗ್ದಾ?”

ಡೆಲ್ಫಿನಾ ಬಂದು ನೋಡಿದಳು. ಅವಳ ಮುಖ ಕಪ್ಪಾಯಿತು. “ಯಾರು ಮಾಡಿದ್ದು? ನಿನ್ನ ಗಂಡನಾ? ಅಷ್ಟು ಸಾಧು ಇದ್ದನಲ್ಲ ಆ ಮನುಷ್ಯ! ಎಲ್ಲಿ ಹುಗಿದಿದ್ದೀರಿ ಅವನನ್ನ, ಹೇಳು.”

“ಹುಗಿದಿಲ್ಲ, ಸುಟ್ಟಿದ್ದೇವೆ,” ಎಂದೆ.

“ಒಳ್ಳೇದಾಯ್ತು,” ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಅಳಿಯಂದಿರಿಗೆ ನಗು ಬರಲಿಲ್ಲ. “ಅತ್ತೆ, ಇವ್ರಿಗೆಲ್ಲ ಅದು ಅರ್ಥ ಆಗಲ್ಲ, ಅಂಗಿ ಹಾಕ್ಕೊಳ್ಳಿ ಪ್ಲೀಸ್,” ಎಂದು ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದರು. ಅದಕ್ಕೇ ನಾನು ಹಾಕಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ಕೂತು ಹೇಳಿದೆ. ಇದು ಗಂಡ ಮಾಡಿದ್ದಲ್ಲ. ನಮ್ಮೂರಲ್ಲಿ ಆಷಾಢದ ಏಕಾದಶಿ ದಿನ ಮಠದಲ್ಲಿ ಹೋಮ ಮಾಡಿ, ಆ ಬೆಂಕಿಯಲ್ಲಿ ಮುದ್ರೆ ಕಾಯಿಸಿ, ಸ್ವಾಮಿಗಳು ಒಬ್ಬೊಬ್ಬರಿಗೂ ಒತ್ತುತ್ತಾರೆ. ಬಲಗೈಗೆ ಚಕ್ರ, ಎಡಗೈಗೆ ಶಂಖ. ಗಂಡಸರು, ಹೆಂಗಸರು, ಮಕ್ಕಳು, ಯಾರನ್ನೂ ಬಿಡುವುದಿಲ್ಲ. ಬೆಳಗಿನಿಂದ ಸಾಲಿನಲ್ಲಿ ನಿಲ್ಲುತ್ತೇವೆ.

“ಸಾಲಿನಲ್ಲಿ?” ಎಂದ ಆರ್ವಿಲ್. “ಹಗ್ಗ ಹಾಕಿ ಎಳೀದೆ? ತಾವಾಗಿ?”

“ತಾವಾಗಿ. ನೂಕುನುಗ್ಗಲು ಬೇರೆ.”

“ದೇವರೇ. ನಮ್ಮ ಕರುಗಳನ್ನ ಒಂದು ವರ್ಷ ಅಲ್ಲಿಗೆ ಕಳಿಸಬೇಕು, ಸ್ವಲ್ಪ ಶಿಸ್ತು ಕಲೀಲಿ.”

ಡೆಲ್ಫಿನಾ ನಗಲಿಲ್ಲ. ಬೀಡಿಯಂತೆ ತಾನೇ ಸುತ್ತಿಕೊಂಡ ಸಿಗರೇಟನ್ನು ಬಾಯಿಂದ ತೆಗೆದು ಕೇಳಿದಳು. “ಅದು ಯಾರ ಗುರುತು?”

“ದೇವರದು.”

“ದಾಖಲೆ ಉಂಟಾ?”

“ಸ್ಯಾಕ್ರಮೆಂಟೋದಲ್ಲಿ ಇಲ್ಲ. ಅದಕ್ಕೂ ಮೇಲಿನ ಆಫೀಸಿನಲ್ಲಿ ಉಂಟು.”

“ಹಾಗಾದ್ರೆ ನಿನ್ನನ್ನ ಬೇರೆಯವರು ಯಾರೂ ಮಾರುವ ಹಾಗಿಲ್ಲ,” ಎಂದಳು. ಹೇಳಿದ್ದು ನನಗೆ, ಕಣ್ಣು ಇದ್ದದ್ದು ನಿನ್ನ ಗಂಡನ ಮೇಲೆ.

ಇಂದು, ಆ ಮುದ್ರೆಯನ್ನು ಇಷ್ಟು ವರ್ಷ ನಾನು ಹೊತ್ತದ್ದು ಭಕ್ತಿಯಿಂದ ಎಂದು ಹೇಳಲಾರೆ. ಏಳು ವರ್ಷದವಳಿದ್ದಾಗ ಚೀರಿದ್ದೆ, ಅಜ್ಜಿ ಬಾಯಿಗೆ ಬೆಲ್ಲ ತುರುಕಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ. ಇಲ್ಲಿಗೆ ಬಂದಮೇಲೆ ಉದ್ದ ತೋಳಿನ ಅಂಗಿಯಲ್ಲಿ ಮುಚ್ಚಿಟ್ಟಿದ್ದೆ. ಆದರೆ ಅವಳ ಆ ಮಾತು ಕೇಳಿದಾಗ, ಅಷ್ಟು ನೋವು ಪಟ್ಟದ್ದಕ್ಕೆ ಒಂದು ಲಾಭವಾದರೂ ಬಾಕಿ ಇದೆ, ಅದನ್ನು ವಸೂಲು ಮಾಡಬೇಕು ಎನಿಸಿತು.

“ಆರ್ವಿಲ್,” ಎಂದೆ, “ಒಂದು ಲಾಳ ಬಗ್ಗಿಸಿ ಚಕ್ರ ಮಾಡಿಕೊಡುತ್ತೀಯಾ? ಒಳಗೆ ಅಡ್ಡ ಒಂದು, ಉದ್ದ ಒಂದು.”

“ಕರು ಎಲ್ಲಿದೆ?”

“ಕರುವಿಗಲ್ಲ.”

ಅವನು ಹೆಚ್ಚು ಕೇಳಲಿಲ್ಲ. ಅವನ ಟ್ರಕ್ಕಿನ ಹಿಂದೆಯೇ ಕುಲುಮೆ, ಅಡೆಗಲ್ಲು ಎಲ್ಲ ಇದೆ. ಲಾಳದ ಎರಡು ತುದಿ ಕೂಡಿಸಿ, ನಡುವೆ ಕಂಬಿ ಬೆಸೆದು, ಹಿಡಿಗೆ ಒಂದು ಹಳೇ ಸರಳು ಹಾಕಿದ. ಸ್ವಲ್ಪ ಸೊಟ್ಟ. ಮಠದ ಅಕ್ಕಸಾಲಿಗ ನೋಡಿದರೆ ನಕ್ಕಾನು. ಆಮೇಲೆ ಗುಡ್ಡ ಇಳಿದು ಎಲ್ಲರೂ ಅಂಗಡಿಗೆ ಬಂದೆವು. ಮುಂದೆ ಆರ್ವಿಲ್‌ನ ಟ್ರಕ್ಕು, ಅದರ ಹಿಂದೆ ಡೆಲ್ಫಿನಾಳ ಗಾಡಿಯಲ್ಲಿ ನಾನು, ಅವಳು, ಅವಳ ನಾಯಿ, ಕೊನೆಗೆ ನಿಮ್ಮ ಬಿಳಿ ಕಾರು. ಮೆರವಣಿಗೆಯಂತೆಯೇ ಇತ್ತು, ವಾಲಗವೊಂದು ಕಡಿಮೆ.

ಅಂಗಡಿಯ ಮುಂದೆ ಆರ್ವಿಲ್ ಕುಲುಮೆ ಊದಿದ. ಕಬ್ಬಿಣದ ಕೆಂಪು ಇಳಿದು ಬೂದು ಬಣ್ಣಕ್ಕೆ ಬಂದಾಗ, “ಈಗ. ಒತ್ತು, ಅಲ್ಲಾಡಿಸಬೇಡ, ಎತ್ತು,” ಎಂದು ನನ್ನ ಕೈಗೆ ಕೊಟ್ಟ.

ಅಳಿಯಂದಿರು ಅಡ್ಡ ಬಂದರು. “ಅತ್ತೆ, ಏನ್ ಮಾಡ್ತಿದೀರ? ಪ್ರಾಪರ್ಟಿ ಡ್ಯಾಮೇಜ್ ಆದ್ರೆ ವ್ಯಾಲ್ಯೂ ಬೀಳತ್ತೆ! ಇದಕ್ಕೆ ಲೀಗಲ್ಲಾಗಿ ಏನೂ ಅರ್ಥ ಇಲ್ಲ!”

“ಸರಿ ಹಾಗಾದರೆ. ಅರ್ಥವಿಲ್ಲದ ಮೇಲೆ ನಿಮಗೇಕೆ ಬಿಸಿ? ಸ್ವಲ್ಪ ಸರಿಯಿರಿ, ಕಾಲಿಗೆ ಬಿದ್ದೀತು.”

ಬಾಗಿಲ ದೊಡ್ಡ ಹಲಗೆಗೆ ಒತ್ತಿದೆ. ಹೊಗೆ ಎದ್ದಿತು, ಕಣ್ಣಿಗೆ ನೀರು ಬಂತು. ಹೊಗೆಗೇ. ಎತ್ತಿದಾಗ ಕಪ್ಪಗೆ, ಸೊಟ್ಟಗೆ, ಆಳವಾಗಿ ಒಂದು ಚಕ್ರ ನಿಂತಿತ್ತು. ಈ ಸಲ ಮುದ್ರೆಯ ಹಿಡಿ ನನ್ನ ಕೈಯಲ್ಲಿತ್ತು, ಇಂದು.

ಎಲ್ಲರೂ ಡಾಡ್ಸನ್ ಕಡೆ ನೋಡಿದರು. ಅವನು ಹತ್ತಿರ ಬಂದು ಹೆಬ್ಬೆರಳಿನಿಂದ ಗುರುತನ್ನು ಸವರಿದ. “ನನ್ನ ಅಪ್ಪ ಹಾಲಿಸ್ಟರ್ ಕಡೆ ದನ ಇಟ್ಟಿದ್ದ,” ಎಂದ. “ಬಾಗಿಲ ಮೇಲಿನ ಬರೆಯಿಂದ ನನಗೇನೂ ತೊಂದರೆ ಇಲ್ಲ ಮೇಡಮ್, ಕೊಂಡಿದ್ದರೆ ಬಾಗಿಲನ್ನೇ ಕೆಡವುತ್ತಿದ್ದೆ. ಆದರೆ ಮಾರುವವರು ಇದ್ದಾರೆ ಅಂತ ಕರೆದುಕೊಂಡು ಬಂದರು. ಇಲ್ಲಿ ಮಾರುವವರೇ ಇಲ್ಲವಲ್ಲ.” ಅಳಿಯಂದಿರ ಹತ್ತಿರ, “ಮನೆಗೆ ನಡಿಯಪ್ಪ,” ಎಂದ. ಅವನನ್ನೂ ನಾನು ಬರಿಗೈಯಲ್ಲಿ ಕಳಿಸಲಿಲ್ಲ. ಕೋಳಿ ಸಾಕಿದ್ದಾನಂತೆ, ಒಂದು ಮೂಟೆ ಜೋಳದ ನುಚ್ಚು ಕೊಂಡುಹೋದ. ನಿಮ್ಮ ಕಾರಿನ ಡಿಕ್ಕಿಯಲ್ಲಿ ನುಚ್ಚು ಉದುರಿದ್ದರೆ ಅದು ಹೀಗೆ.

ಅಳಿಯಂದಿರನ್ನು ನಾನು ಕೆಟ್ಟವರು ಎನ್ನುವುದಿಲ್ಲ. ಅತ್ತೆ ಒಬ್ಬಳೇ ಇದ್ದಾಳೆ ಎಂಬ ಚಿಂತೆ ಅವರಿಗೆ ನಿಜವಾಗಿಯೂ ಇದೆ. ನನ್ನನ್ನು ಕೇಳಬೇಕು ಎಂಬುದು ಮಾತ್ರ ಹೊಳೆಯಲಿಲ್ಲ. ಹೊಳೆಯದೆ ಹೋಗುವುದು ಒಂದು ಕಾಯಿಲೆ, ಹುಟ್ಟುವ ಮಗುವಿಗೆ ಅಂಟದ ಹಾಗೆ ನೀನು ನೋಡಿಕೊ.

ನನ್ನ ತೀರ್ಮಾನ ಇದು. ನಿನಗೆ ನೋವು ಶುರುವಾಗುವ ಮೊದಲೇ ಬಂದಿರುತ್ತೇನೆ. ಎಣ್ಣೆ ಹಚ್ಚುವುದು, ನೀರು ಹಾಕುವುದು, ಖಾರದ ಪುಡಿ, ಅಂಟಿನುಂಡೆ, ಮಗುವಿನ ಬಟ್ಟೆ, ಎಲ್ಲ ನನ್ನದು. ಅಷ್ಟು ದಿನ ಅಂಗಡಿಯನ್ನು ಡೆಲ್ಫಿನಾ ನೋಡಿಕೊಳ್ಳುತ್ತಾಳೆ. ಗಿರಾಕಿಗಳು ನಾಲ್ಕು ಬೈಗುಳ ಹೆಚ್ಚು ತಿನ್ನುತ್ತಾರೆ, ತಿನ್ನಲಿ. ಬಾಣಂತನ ಮುಗಿದ ಮರುದಿನ ನಾನು ನನ್ನ ಮನೆಗೆ. ಮಗು ಕತ್ತು ನಿಲ್ಲಿಸಿದ ಮೇಲೆ ಇಲ್ಲಿಗೆ ಕರೆದುಕೊಂಡು ಬಾ. ಕಿಟಕಿಯ ಬಾತುಕೋಳಿಗಿಂತ ದೊಡ್ಡ ಪ್ರಾಣಿಗಳನ್ನು ತೋರಿಸುತ್ತೇನೆ. ಇದರಲ್ಲಿ ಚೌಕಾಸಿ ಇಲ್ಲ.

ಹಾಲು ಕುಡಿ. ದೀರ್ಘ ಸುಮಂಗಲಿಯಾಗಿರು, ಸುಖಪ್ರಸವವಾಗಲಿ, ಹೆಣ್ಣೋ ಗಂಡೋ, ಬಾಯಿ ಇರುವ ಮಗು ಹುಟ್ಟಲಿ. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಅವರ ಬೂಟಿಗೆ ಸೋಡಾಪುಡಿ ಹಾಕಿ ಉಜ್ಜಿದರೆ ವಾಸನೆ ಹೋಗುತ್ತದೆ.

ಇತಿ ನಿನ್ನ ಅಮ್ಮ,
ವೇದವತಿ

ತಾ.ಕ.: ಕಾಗದ ಅಂಟಿಸಬೇಕು ಎಂದಿದ್ದೆ, ಆಗಲಿಲ್ಲ. ನಿನ್ನೆ ಇದನ್ನು ಬರೆದು ಮುಗಿಸಿದ ಮೇಲೆ ವಾಲ್ನಟ್ ಕ್ರೀಕ್ ಊರಿನ ನಮ್ಮ ಪರಿಚಯದ ಜಲಜಾ ಫೋನು ಮಾಡಿದ್ದರು. “ಭಾನುವಾರ ನಿಮ್ಮನ್ನ ಎಷ್ಟು ಹುಡುಕಿದ್ವಿ ವೇದವತಿ. ಹುಷಾರಿಲ್ವಂತಲ್ಲ, ಈಗ ಹೇಗಿದೀರ? ಇಂದೂಗೆ ಹಸಿರು ಸೀರೆ ಏನ್ ಒಪ್ಪಿತ್ತು ಅಂತೀರಿ! ಸೀಮಂತ ಅಂದ್ರೆ ಹಾಗಿರಬೇಕು” ಎಂದರು. ನಾನು “ಈಗ ಪರವಾಗಿಲ್ಲ, ಜ್ವರ ಇಳೀತು” ಎಂದೆ. ನಿನ್ನ ಮಾನ ಉಳಿಸಿದೆ. ಶನಿವಾರ ನಾನು ಬಡಿಸಿದ ಚಿತ್ರಾನ್ನ ತಿನ್ನುತ್ತಾ ನನ್ನೆದುರೇ ಕೂತಿದ್ದ ಅಳಿಯಂದಿರು, ಮರುದಿನ ಮನೆಯಲ್ಲಿ ಸೀಮಂತ ಎಂದು ಬಾಯಿ ಬಿಡಲಿಲ್ಲ. ವಿಧವೆಯ ಕೈಯಿಂದ ಬಳೆ ತೊಡಿಸಬಾರದು ಎಂದವರು ನಿನ್ನ ಅತ್ತೆಯೇ ಇರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಹಸಿರು ಬಳೆಗೆ ಆಗದ ಈ ಕೈ ಮಗುವಿನ ತಲೆಗೆ ಎಣ್ಣೆ ಹಚ್ಚಲು, ನಿನ್ನ ರಕ್ತದ ಬಟ್ಟೆ ಒಗೆಯಲು ಹೇಗೆ ಆಗುತ್ತದೆ ಎಂದು ಅವರನ್ನು ಎದುರಿಗೆ ಕೂರಿಸಿಕೊಂಡು ನಾನೇ ಕೇಳುತ್ತೇನೆ. ನಿನ್ನಿಂದ ನನಗೆ ಬೇಕಾದದ್ದು ಒಂದೇ ಉತ್ತರ. ಅಮ್ಮನನ್ನು ಕರೆಯುವುದು ಬೇಡ ಎಂದು ಅವರು ಹೇಳಿದಾಗ, ಇಂದು, ನೀನು ಏನು ಹೇಳಿದೆ?